ಬೋರಿಗೆ ಬಿದ್ದ ಉಪ್ಪು

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಮೊದಲು ಅವರ ಮುಖ ನೋಡುತ್ತೇನೆ. ಸುಮ್ಮನೆ ಹೊತ್ತು ಕಳೆಯಲು ಕೇಳುವವರಿಗೆ ಬೋರ್‌ವೆಲ್ ಕೆಲಸ ಎಂದು ಹೇಳಿ ಸಾಗಹಾಕುತ್ತೇನೆ. ಹೆಣ್ಣುಮಗಳಿಗೆ ಬೋರ್‌ವೆಲ್ ಕೆಲಸವೇ ಎಂದು ಹುಬ್ಬೇರಿಸುವವರಿಗೆ ಅಷ್ಟೂ ಹೇಳುವುದಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳುವವರು ಅಪರೂಪ. ಅವರಿಗೆ ಕೂರಿಸಿಕೊಂಡು ಹೇಳುತ್ತೇನೆ.

ನೆಲದಲ್ಲಿ ಕೊರೆದ ಬೋರಿನೊಳಗೆ, ಉದ್ದನೆಯ ಕೇಬಲ್ಲಿನ ತುದಿಗೆ ಕಟ್ಟಿದ ಉಕ್ಕಿನ ಕೋಲೊಂದನ್ನು ಇಳಿಸುತ್ತೇವೆ. ನಮ್ಮವರು ಅದನ್ನು ಪ್ರೋಬ್ ಎನ್ನುತ್ತಾರೆ. ತಳದಿಂದ ಮೇಲೆ ಬರುತ್ತಾ ಅದು ಸುತ್ತಲಿನ ಕಲ್ಲಿಗೆ ಸಣ್ಣಗೆ ವಿದ್ಯುತ್ ಹಾಯಿಸುತ್ತದೆ. ಗಟ್ಟಿ ಕಲ್ಲು ವಿದ್ಯುತ್ತನ್ನು ತಡೆಯುತ್ತದೆ, ಆಗ ಲ್ಯಾಪ್‌ಟಾಪಿನ ಮೇಲೆ ಗೆರೆ ಬಲಕ್ಕೆ ಓಡುತ್ತದೆ. ಕಲ್ಲಿನಲ್ಲಿ ಬಿರುಕಿದ್ದು ಅದರೊಳಗೆ ನೀರಿದ್ದರೆ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಗೆರೆ ಎಡಕ್ಕೆ ಬಾಗುತ್ತದೆ. ಆ ಗೆರೆಯನ್ನು ಓದುವವಳು ನಾನು.

ಓದುವುದೆಂದರೆ ಅಷ್ಟು ಸಲೀಸಲ್ಲ. ಎಡಕ್ಕೆ ಬಾಗಿದ್ದೆಲ್ಲ ನೀರಲ್ಲ, ಜೇಡಿಮಣ್ಣೂ ಬಾಗಿಸುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಒಂದು ಸುಳ್ಳು ನೆಲವನ್ನು ಕಟ್ಟುತ್ತೇವೆ. ಇಲ್ಲಿ ಮಣ್ಣು, ಇಲ್ಲಿ ಕಲ್ಲು, ಇಲ್ಲೊಂದು ಬಿರುಕು ಎಂದು ಇಟ್ಟು, ಅಂಥ ನೆಲ ಎಂಥ ಗೆರೆ ಕೊಡುತ್ತಿತ್ತೆಂದು ಲೆಕ್ಕ ಹಾಕಿಸುತ್ತೇವೆ. ನಿಜವಾದ ಗೆರೆಗೆ ಅದು ಕೂಡಿಬರದಿದ್ದರೆ ನೆಲ ಬದಲಿಸಿ ಮತ್ತೆ ನೋಡುತ್ತೇವೆ. ಬೀಗರ ಮನೆಯಲ್ಲಿ ಉಂಡ ಸಾರಿಗೆ ಏನೇನು ಬಿದ್ದಿತ್ತೆಂದು ಊಹಿಸಿ, ಮನೆಯಲ್ಲಿ ಮಾಡಿ, ರುಚಿ ನೋಡಿ, ಮತ್ತೆ ಮಾಡುವ ಹಾಗೆ.

ಈ ವಿದ್ಯೆಯನ್ನು ಕಲಿಸಿದವರು ನಮ್ಮ ಸಾಹೇಬರು. ಹಿಂದೆ ಯಾವುದೋ ಇಲಾಖೆಯಲ್ಲಿದ್ದು, ಅದನ್ನು ಬಿಟ್ಟು ಬಂದು, ಬಳ್ಳಾರಿಯ ಸತ್ಯನಾರಾಯಣಪೇಟೆಯ ತಮ್ಮ ಹಳೆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಆಫೀಸು ಇಟ್ಟವರು. ಒಂದು ವ್ಯಾನು, ಒಂದು ಕೇಬಲ್ ರಾಟೆ, ನಾಲ್ಕು ಪ್ರೋಬು, ಹರಿತವಾದ ನಾಲಗೆ, ಇಷ್ಟು ಅವರ ಆಸ್ತಿ. ಎಂ.ಎಸ್ಸಿ. ಮುಗಿಸಿ ನಾನು ಕೆಲಸ ಕೇಳಲು ಹೋದಾಗ ನನ್ನ ಅಂಕಪಟ್ಟಿಯನ್ನು ಅವರು ಮುಟ್ಟಲಿಲ್ಲ.

"ಊರು?" ಎಂದರು.

"ಕರೂರ್ರಿ ಸರ್. ಸಿರುಗುಪ್ಪದ ಹತ್ರ."

"ಕರೂರಾಗ ಎಲ್ಲಿ?"

ನಮ್ಮ ಕಡೆ ಈ ಎರಡನೆಯ ಪ್ರಶ್ನೆಗೆ ಒಂದೇ ಅರ್ಥ. ಊರ ಹೊರಗಿನ ಕೇರಿ ಎಂದೆ. ಅವರು ನಕ್ಕು, "ಹಂಗಾದ್ರ ಬಿಸಲಿಗೆ ಹೆದರೂದಿಲ್ಲ ನೀ. ನಾಳಿಂದ ಬಾ" ಎಂದರು. ಹಾಗೆ ನನಗೆ ಕೆಲಸ ಸಿಕ್ಕಿತು. ಆಫೀಸಿನಲ್ಲಿ ನನಗೆ ನೀರಿನ ಲೋಟ ಬೇರೆ ಎಂದು ಯಾರೂ ಹೇಳಲಿಲ್ಲ. ಬೇರೆ ಇತ್ತು, ಅಷ್ಟೆ.

ನನ್ನ ಮೊದಲ ಬೋರು ಕುರುಗೋಡಿನ ಗುಡ್ಡದ ಬುಡದಲ್ಲಿ. ಅಲ್ಲಿನ ಕಲ್ಲು ಮಹಾ ಗಟ್ಟಿ. ಗೆರೆ ಬಲದ ಅಂಚಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಒಂದು ಕಡೆ ಸಣ್ಣಗೆ ಎಡಕ್ಕೆ ಕೊಂಕಿದ್ದೇ ತಡ, ನಾನು "ನೀರು!" ಎಂದು ಕೂಗಿಬಿಟ್ಟೆ. ಹೊಲದವರೆಲ್ಲ ಓಡಿ ಬಂದರು. ಸಾಹೇಬರು ಅವರೆಲ್ಲರ ಎದುರಿಗೇ, "ಅದು ನೀರಲ್ಲವಾ, ನಿನ್ನ ಕೈ. ಕೇಬಲ್ ಜಗ್ಗಿದಿ. ಕಸಬರಿಗಿ ಹಿಡಿಯೋ ಕೈಗೆ ಕೇಬಲ್ ಕೊಟ್ರ ಹಿಂಗ ಆಗೂದು" ಎಂದರು. ಆಮೇಲೆ ವ್ಯಾನಿನಲ್ಲಿ ಕೂತು, ಏನೂ ಆಗದವರಂತೆ ಪಾಠ ಮಾಡಿದರು. ಒಂದೇ ಗೆರೆಯನ್ನು ನಂಬಬೇಡ, ನೀರಿನ ಬಿಸಿ ಅಳೆದ ಗೆರೆ ನೋಡು, ಬೋರಿನ ಅಗಲ ಅಳೆದ ಗೆರೆ ನೋಡು, ಎಲ್ಲ ಒಂದೇ ಆಳದಲ್ಲಿ ಒಂದೇ ಮಾತು ಹೇಳಿದರೆ ಮಾತ್ರ ಬಾಯಿ ಬಿಡು ಎಂದರು. ಆ ಬೈಗುಳವನ್ನು ನಾನು ಮರೆತಿಲ್ಲ, ಪಾಠವನ್ನೂ ಮರೆತಿಲ್ಲ. ಎರಡೂ ಒಂದೇ ಬಾಯಿಂದ ಬಂದದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ನನಗೆ ಬರಲಿಲ್ಲ.

ಈಗ ಸಣ್ಣವ್ವನ ಮಾತು. ನನ್ನವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ. ಕರೂರಿನ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು, ನನ್ನನ್ನು ಓದಿಸಿದಳು. ದಿನವಿಡೀ ಮೊಣಕಾಲು ಮಟ್ಟ ನೀರಿನಲ್ಲಿ ನಿಂತವಳು ಸಂಜೆ ಮನೆಗೆ ಬಂದರೆ ಕುಡಿಯಲು ನೀರಿರುತ್ತಿರಲಿಲ್ಲ. ಕೊಡ ಎತ್ತಿಕೊಂಡು ಮೇಲೋಣಿಯ ನಲ್ಲಿಗೆ ಹೋಗಬೇಕು. ನಲ್ಲಿ ಮುಟ್ಟಬೇಡ ಎಂದು ಈಗ ಯಾರೂ ಹೇಳುವುದಿಲ್ಲ, ಕಾಲ ಬದಲಾಗಿದೆ ಎಂದು ಭಾಷಣ ಮಾಡುವವರೂ ಇದ್ದಾರೆ. ಆದರೆ ನಮ್ಮ ಕೊಡಗಳಿಗೆ ಸರದಿ ಎಂದೂ ಮೊದಲು ಬರುವುದಿಲ್ಲ. "ಆಚಿ ಸರಿಯವ್ವ, ನಮ್ಮದಾಗ್ಲಿ" ಎಂದು ಒಬ್ಬಳು ನಗುನಗುತ್ತಾ ಹೇಳುತ್ತಾಳೆ, ಅವಳ ಹಿಂದೆ ಬಂದವಳೂ ಹೇಳುತ್ತಾಳೆ, ಕೊನೆಗೆ ನಲ್ಲಿಯೇ ನಿಂತುಹೋಗುತ್ತದೆ.

ಸಣ್ಣವ್ವನಿಗೆ ಇದ್ದದ್ದು ಒಂದೇ ಆಸೆ. "ನನ್ನ ಕೊಡ ತುಂಬುವಾಗ ಯಾರೂ ನನಗ ಆಚಿ ಸರಿ ಅನ್ನಬಾರದು. ಸಾಯೂದ್ರಾಗ ಒಮ್ಮೆ ಹಂಗ ತುಂಬಬೇಕು ನೋಡು" ಎನ್ನುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಮೇಲೋಣಿಯ ಏರು ಹತ್ತುವುದು ಅವಳಿಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು.

ಅಂಥದ್ದರಲ್ಲಿ ನಮ್ಮ ಕೇರಿಗೆ ಒಂದು ಬೋರು ಮಂಜೂರಾಯಿತು. ಲಾರಿ ಬಂದು ಕೊರೆದೂ ಆಯಿತು. ಕೊರೆಯುವಾಗ ಕಲ್ಲಿನ ಪುಡಿ ಹಸಿಯಾಗಿ ಬಂತು, ಆದರೆ ನೀರು ಚಿಮ್ಮಲಿಲ್ಲ. ಬೋರಿನೊಳಗೆ ಗದ್ದೆಯ ಜಿನುಗು ಬಂದು ನಿಂತಿತ್ತು, ಅದನ್ನು ನಂಬಿ ಪಂಪು ಇಳಿಸುವ ಹಾಗಿರಲಿಲ್ಲ. ಆಳದಲ್ಲಿ ಬಿರುಕಿದೆಯೇ ಎಂದು ಲಾಗ್ ಮಾಡಿ, ಎಂದರೆ ಪ್ರೋಬ್ ಇಳಿಸಿ ಗೆರೆ ತೆಗೆದು, ನೋಡಬೇಕು. ಬಿರುಕಿದ್ದರೆ ಒತ್ತಡದಿಂದ ನೀರು ನುಗ್ಗಿಸಿ ಅದನ್ನು ಅಗಲಿಸುತ್ತಾರೆ. ಇಲ್ಲದಿದ್ದರೆ ಬೋರು ಫೇಲು, ಬೇರೆ ಜಾಗ. ಬೇರೆ ಜಾಗ ಎಲ್ಲಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೇಲೋಣಿಯ ಪಂಚಾಯಿತಿ ಮೆಂಬರು ತನ್ನ ಮನೆಯ ಮಗ್ಗುಲಿನ ಬಯಲನ್ನು ಆಗಲೇ ಗುಡಿಸಿಟ್ಟಿದ್ದ.

ಲಾಗ್ ಮಾಡುವ ಕೆಲಸ ನಮ್ಮ ಸಾಹೇಬರಿಗೆ ಬಂತು. ವ್ಯಾನಿನಲ್ಲಿ ಕೂತು ನನ್ನ ಊರಿಗೆ ನಾನು ಎಂಜಿನಿಯರಮ್ಮನಾಗಿ ಹೋದೆ. ಎದೆ ಉಬ್ಬಿತ್ತೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪ್ರೋಬ್ ಇಳಿಸುವ ಮೊದಲು ಅದು ಸರಿಯಾಗಿದೆಯೇ ಎಂದು ಬಕೆಟ್ಟಿನಲ್ಲಿ ನೋಡುವ ರೂಢಿ ನಮ್ಮದು. ಬಕೆಟ್ಟಿನ ನೀರಿಗೆ ಪ್ರೋಬ್ ಅದ್ದಿದರೆ ಒಂದು ಅಂಕಿ ಬರುತ್ತದೆ. ಅದೇ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಲಕಿದರೆ ಅಂಕಿ ದಡಕ್ಕನೆ ಇಳಿಯಬೇಕು. ಇಳಿದರೆ ಪ್ರೋಬ್ ಸರಿ. ಸಾಹೇಬರು ಇದನ್ನು ಜನರ ಎದುರಿಗೆ ಮಾಡುವಾಗ ಜಾದೂಗಾರನ ಗತ್ತು ತೋರಿಸುತ್ತಿದ್ದರು. ಕೇರಿಯವರೆಲ್ಲ ಮುತ್ತಿಕೊಂಡು ನೋಡಿದರು. ಸಣ್ಣವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು.

"ನೀರು ಸಿಕ್ರ ನಿನ್ನ ಗೆರಿ ಎತ್ತಾಗ ಹೋಗತೈತಿ?" ಎಂದಳು.

"ಎಡಕ್ಕ."

"ಉಪ್ಪು ಹಾಕಿದ್ರ?"

"ಅದೂ ಎಡಕ್ಕ."

"ಹೌದಾ" ಎಂದು ಬಕೆಟ್ಟಿನ ಕಡೆ ನೋಡಿದಳು. ನಾನು ಬೇರೆಯವರಿಗೆ ಹೇಳಲು ಆ ಕಡೆ ತಿರುಗಿದೆ. ಅಷ್ಟರಲ್ಲಿ ಕೇಬಲ್ ರಾಟೆಯ ಮೋಟಾರು ಸುಟ್ಟ ವಾಸನೆ ಬಂತು. ರಿಪೇರಿ ಮಾಡಿಸಿಕೊಂಡು ಮರುದಿನ ಬರುತ್ತೇವೆಂದು ಹೇಳಿ ಬಳ್ಳಾರಿಗೆ ವಾಪಸಾದೆವು.

ಮರುದಿನ ಏಕಾದಶಿ. ಸಾಹೇಬರು ಏಕಾದಶಿಯಂದು ಹನಿ ನೀರೂ ಕುಡಿಯುವವರಲ್ಲ. ಆ ದಿನ ಅವರ ಬಾಯಿ ಒಣಗಿರುತ್ತಿತ್ತು, ನಾಲಗೆಗೆ ಮಾತ್ರ ಹುರುಪು ಹೆಚ್ಚು. ವ್ಯಾನಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಹಣೆಯ ಅಂಗಾರದ ನಾಮ ಬೆವರಿಗೆ ಕರಗುತ್ತಿದ್ದರೂ ಒರೆಸಿಕೊಳ್ಳದೆ ಕೂತರು. ನಾನು ಪ್ರೋಬ್ ಇಳಿಸಿ ತಳದಿಂದ ಎತ್ತತೊಡಗಿದೆ. ಬಿಸಿಯ ಗೆರೆ, ಅಗಲದ ಗೆರೆ ಮೊದಲು ಬಂದವು. ಆಮೇಲೆ ವಿದ್ಯುತ್ತಿನ ಗೆರೆ. ಅದು ತಳದಲ್ಲೇ ಎಡದ ಅಂಚಿಗೆ ಬಿದ್ದಿತ್ತು. ಮೇಲೆ ಬರುತ್ತಾ ಬಂದರೂ ಅಲ್ಲಿಂದ ಅಲ್ಲಾಡಲಿಲ್ಲ.

ಸಾಹೇಬರು ಲ್ಯಾಪ್‌ಟಾಪಿನ ಕಡೆ ಬಾಗಿ ನೋಡಿದರು. "ಏನವಾ, ನಿಮ್ಮ ಕೇರಿ ಕೆಳಗ ಸಮುದ್ರ ಅದ ಏನು?" ಎಂದರು.

ನನಗೆ ಆ ಕ್ಷಣವೇ ತಿಳಿಯಿತು. ತಿಳಿಯಬಾರದಿತ್ತು ಎನಿಸಿತು. ಪ್ರೋಬ್ ಮೇಲೆ ಬಂದು ನೀರು ತೊಟ್ಟಿಕ್ಕುತ್ತಾ ತೂಗಾಡುತ್ತಿತ್ತು.

"ನಾಲಗಿಗೆ ಹಚ್ಚಿ ನೋಡು" ಎಂದರು ಸಾಹೇಬರು.

"ಮೀಟರ್ ಐತೆಲ್ರಿ ಸರ್, ವ್ಯಾನಿನ್ಯಾಗ."

"ನಾಲಗಿಗಿಂತ ಛಲೋ ಮೀಟರ್ ಯಾವುದದ? ನಾನೇ ನೋಡ್ತಿದ್ದೆ. ಇವತ್ತು ಏಕಾದಶಿ, ಉಪ್ಪು ಮುಟ್ಟೂ ಹಂಗಿಲ್ಲ. ನಿನಗೇನು, ನೋಡು."

ನೆಲದೊಳಗಿನ ಕೆಸರು ಮೆತ್ತಿದ ಪ್ರೋಬನ್ನು ಎರಡು ಕೈಯಲ್ಲಿ ಹಿಡಿದು, ನಾನು ಹುಟ್ಟಿ ಬೆಳೆದ ಕೇರಿಯ ಎದುರಿಗೆ, ಮೇಲೋಣಿಯ ಮೆಂಬರನ ಎದುರಿಗೆ, ನಾಲಗೆ ಚಾಚಿ ನೆಕ್ಕಿದೆ. ಗುಂಪಿನ ಹಿಂದೆ ಸಣ್ಣವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು.

"ಏನು?"

"ಉಪ್ಪು" ಎಂದೆ. ದನಿ ಸ್ಪಷ್ಟವಾಗಿ ಬಂತು. ಆ ದನಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

"ಯಾರು ಹಾಕಿದ್ದು?" ಎಂದು ಸಾಹೇಬರು ಗುಂಪಿನತ್ತ ತಿರುಗಿದರು. ನಮ್ಮ ಮನೆ ಬುದ್ಧನ ಪಂಚಶೀಲ ಹೇಳುವ ಮನೆ. ಸುಳ್ಳಾಡುವುದಿಲ್ಲ ಎಂದು ಸಣ್ಣವ್ವ ವಿಹಾರದಲ್ಲಿ ಕೂತು ಹೇಳಿದವಳು, ಹೇಳಿದ್ದನ್ನು ನಂಬಿದವಳು. ಸೆರಗು ಬಿಟ್ಟು ಮುಂದೆ ಬಂದಳು.

"ನಾನ ಹಾಕೀನ್ರಿ. ನಸುಕಿನ್ಯಾಗ ಹಾಕೀನಿ. ಅಕಿಗೆ ಗೊತ್ತಿಲ್ಲ, ಅಕಿಗೇನೂ ಅನಬ್ಯಾಡ್ರಿ."

"ಯಾಕವಾ ಹಾಕಿದಿ?"

"ಒಳಗ ನೀರೈತ್ರಿ. ಬೋರ್ ಕೊರಿಯುವಾಗ ನಾ ಇಲ್ಲೇ ನಿಂತಿದ್ದೆ, ಪುಡಿ ಹಸಿ ಆಗಿ ಬಂತು. ನಿಮ್ಮ ಮಷೀನಿಗೆ ಅದು ಕಾಣದಿದ್ರ ಅಂತ ಅಂಜಿಕಿ ಆತು. ಅದಕ್ಕ ಸ್ವಲ್ಪ ದಾರಿ ಮಾಡಿಕೊಟ್ಟೆ."

ಸಾಹೇಬರು ತಲೆ ಹಿಂದಕ್ಕೆ ಹಾಕಿ ನಕ್ಕರು. "ಇದು ಸಾರಲ್ಲವಾ, ಸಪ್ಪಗದ ಅಂತ ಮ್ಯಾಲ ಉಪ್ಪು ಹಾಕ್ಲಿಕ್ಕೆ!"

ಮೆಂಬರು ಸುಮ್ಮನಿರುವ ಪೈಕಿಯಲ್ಲ. "ಉಪ್ಪೊಂದ ಯಾಕ ಹಾಕಿದಿ? ಪಪ್ಪೂ ಹಾಕಿದ್ರ ಊರಿಗೆಲ್ಲ ಊಟ ಆಕ್ಕಿತ್ತಲ್ಲ!" ಎಂದ. ಪಪ್ಪು ಎಂದರೆ ನಮ್ಮ ಗಡಿಸೀಮೆಯಲ್ಲಿ ಬೇಳೆ. ಮೇಲೋಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕೇರಿಯವರೂ ನಕ್ಕರು. ದೊಡ್ಡವರು ನಗುವಾಗ ನಗದಿದ್ದರೆ ತಾವೂ ಕೂಡಿ ಹಾಕಿದಂತಾಗುತ್ತದೆಂದು ನಕ್ಕರು. ಸಣ್ಣವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಮುಖ ನೋಡಿದಳು.

ಅವಳು ಮಾಡಿದ್ದು ಎಂಥ ಅನಾಹುತವೆಂದು ಅವಳಿಗೆ ಗೊತ್ತಿರಲಿಲ್ಲ. ಬೋರಿನ ತುಂಬ ಉಪ್ಪುನೀರು ನಿಂತರೆ ವಿದ್ಯುತ್ತು ಕಲ್ಲಿನ ಕಡೆ ಹೋಗುವುದೇ ಇಲ್ಲ. ಹತ್ತಿರದ ದಾರಿ ಸಿಕ್ಕಿತೆಂದು ಆ ಉಪ್ಪುನೀರಿನಲ್ಲೇ ಮೇಲೆ ಕೆಳಗೆ ಓಡಾಡುತ್ತದೆ. ಆಗ ಕಲ್ಲೂ ಕಾಣುವುದಿಲ್ಲ, ಬಿರುಕೂ ಕಾಣುವುದಿಲ್ಲ. ನೀರಿದ್ದರೆ ಅದು ಕಾಣಲಿ ಎಂದು ಹಾಕಿದ ಉಪ್ಪು, ಇದ್ದ ನೀರನ್ನೇ ಮುಚ್ಚಿಬಿಟ್ಟಿತ್ತು.

ಆದರೆ ಇದಕ್ಕೆ ಮದ್ದಿಲ್ಲದೆ ಇಲ್ಲ. ಕಂಪ್ರೆಸರಿನಿಂದ ಗಾಳಿ ನುಗ್ಗಿಸಿದರೆ ಬೋರಿನ ನೀರೆಲ್ಲ ಉಪ್ಪಿನ ಸಮೇತ ಹೊರಗೆ ಬೀಳುತ್ತದೆ. ಮತ್ತೆ ಜಿನುಗಿ ತುಂಬಿದ ಮೇಲೆ ಹೊಸದಾಗಿ ಲಾಗ್ ಮಾಡಬಹುದು. "ಸರ್, ತೊಳೆಸೋಣ್ರಿ. ಕುರುಗೋಡಿನಾಗ ಕಂಪ್ರೆಸರ್ ಐತಿ, ನಾಳಿಗೆ ಬರತೈತಿ. ಅರ್ಧ ದಿನದ ಕೆಲಸ" ಎಂದೆ.

ಸಾಹೇಬರು ಮೆಂಬರನ ಕಡೆ ನೋಡಿದರು. "ಮೋಸ ನಡದೈತಿ ಅಂತ ಬರೀರಿ ಸಾಹೇಬ್ರ. ನಮ್ಮ ಓಣ್ಯಾಗ ಜಾಗ ತಯಾರೈತಿ" ಎಂದ ಅವನು. ಸಾಹೇಬರು ನನ್ನ ಕಡೆ ತಿರುಗಿ, "ಮೋಸ ಆದಮ್ಯಾಲ ತೊಳಿಯೋದೇನದವಾ?" ಎಂದು ವ್ಯಾನು ಹತ್ತಿದರು.

ಬಳ್ಳಾರಿಗೆ ಬಂದು ನಾನು ಕಂಪ್ಯೂಟರಿನ ಮುಂದೆ ಕೂತೆ. ವಿದ್ಯುತ್ತಿನ ಗೆರೆ ಹಾಳಾಗಿತ್ತು ನಿಜ, ಉಳಿದ ಗೆರೆಗಳು ಹಾಳಾಗಿರಲಿಲ್ಲ. ಉಪ್ಪಿಗೆ ಬೋರಿನ ಅಗಲವನ್ನು ಬದಲಿಸಲು ಬರುವುದಿಲ್ಲ. ಬಿಸಿ ಅಳೆದ ಗೆರೆ ಕೆಳಗಿಳಿದಂತೆ ಸಮನಾಗಿ ಏರುತ್ತಾ ಹೋಗಿ, ಒಂದು ಆಳದಲ್ಲಿ ತಟ್ಟನೆ ತಡೆದು ನಿಂತಿತ್ತು. ಅದೇ ಆಳದಲ್ಲಿ ಬೋರಿನ ಗೋಡೆ ಹೊರಗೆ ಸರಿದಿತ್ತು. ನಾನು ಮಾದರಿಯ ನೆಲದೊಳಗೂ ಉಪ್ಪುನೀರು ತುಂಬಿದೆ. ಬಿರುಕಿಲ್ಲದ ನೆಲ ಕಟ್ಟಿ ನೋಡಿದೆ, ಕೂಡಲಿಲ್ಲ. ಆ ಆಳದಲ್ಲಿ ಬಿರುಕು ಇಟ್ಟು ನೋಡಿದೆ, ಕೂಡಿತು. ಎಡದ ಅಂಚಿನಲ್ಲಿ ಸತ್ತು ಬಿದ್ದಂತಿದ್ದ ಗೆರೆಯಲ್ಲೂ ಅಲ್ಲೊಂದು ಸಣ್ಣ ಕೊಂಕು ಇದ್ದದ್ದು ಆಗ ಕಣ್ಣಿಗೆ ಬಿತ್ತು. ಎಲ್ಲ ಗೆರೆಗಳೂ ಒಂದೇ ಆಳದಲ್ಲಿ ಒಂದೇ ಮಾತು ಹೇಳುತ್ತಿದ್ದವು.

ಸಾಹೇಬರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ಬಹಳ ಹೊತ್ತು ನೋಡಿದರು.

"ಬಿರುಕು ಅದ" ಎಂದರು. "ಛಲೋ ಓದಿದಿ."

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನ್ನ ಕಿವಿ ಬಿಸಿಯಾಯಿತು. "ಹಂಗಾದ್ರ ಹಿಂಗಂತ ಬರದು ಕಳಿಸೋಣ್ರಿ ಸರ್?"

"ಏನಂತ ಬರೀಲಿ? ಉಪ್ಪು ಹಾಕಿದ ಬೋರಿನ್ಯಾಗ ನೀರದ ಅಂತ? ಹಾಕಿದಾಕಿ ನಿನ್ನ ಸಣ್ಣವ್ವ, ಓದಿದಾಕಿ ನೀನು. ನೋಡಿದ ಮಂದಿ ಉಗೀತಾರ. ನಿನಗಲ್ಲ, ನನಗ."

ಅವರ ಮಾತು ತಪ್ಪಾಗಿದ್ದರೆ ಎದುರುತ್ತರ ಕೊಡುತ್ತಿದ್ದೆ. ತಪ್ಪಾಗಿರಲಿಲ್ಲ. ತೊಳೆದು ಮತ್ತೆ ಲಾಗ್ ಮಾಡಿದರೆ ಯಾರೂ ಉಗುಳುತ್ತಿರಲಿಲ್ಲ, ಆದರೆ ತೊಳೆಸುವುದನ್ನು ಅವರು ಆಗಲೇ ಒಲ್ಲೆ ಎಂದಿದ್ದರು. ಫೇಲು ಎಂದು ಕಳಿಸಿದರು. ಫೇಲಾದ ಬೋರಿಗೆ ಮಕ್ಕಳು ಬೀಳಬಾರದೆಂದು ಕಲ್ಲು ತುಂಬಿ ಮುಚ್ಚಿಸಿದರು. ಕಲ್ಲು ತುಂಬುವ ಕೂಲಿಗೆ ಕರೆದದ್ದೂ ನಮ್ಮ ಕೇರಿಯವರನ್ನೇ. ಅವರು ಹೋಗಿ ತುಂಬಿದರು.

ಮೇಲೋಣಿಯಲ್ಲಿ ಬೋರು ಬಿತ್ತು, ನಲ್ಲಿಗೂ ಅದರ ನೀರನ್ನೇ ಬಿಟ್ಟರು. ನೀರು ಧಾರಾಳವಾಗಿ ಬಂತು, ಬಾಯಿಗಿಟ್ಟರೆ ಸವಳು. ಅದರ ಲಾಗ್ ಮಾಡಿದವಳೂ ನಾನೇ. ಕಾಲುವೆ ನೀರು ಕುಡಿದು ಕುಡಿದು ಸವಳಾದ ಕಪ್ಪು ಮಣ್ಣು ಅಲ್ಲಿ ದಪ್ಪಗಿತ್ತು. ಆ ಪದರ ದಾಟುವ ತನಕ ಕೇಸಿಂಗ್ ಪೈಪು ಇಳಿಸಿ, ಇಲ್ಲದಿದ್ದರೆ ಮೇಲಿನ ಸವಳು ಒಳಗಿಳಿಯುತ್ತದೆ ಎಂದು ಹೇಳಿದ್ದೆ. "ಉಪ್ಪಿನ ಮಾತು ನಿಮ್ಮ ಕಡೇರ ಬಾಯಾಗ ಚೆಂದ" ಎಂದು ಮೆಂಬರು ನಕ್ಕು, ಪೈಪನ್ನು ಅರ್ಧಕ್ಕೇ ನಿಲ್ಲಿಸಿದ. ಸವಳು ನೀರು ಬಂದಾಗ ಅವನಿಗೆ ಕಾರಣ ಬೇಕಾಯಿತು. ಕಾರಣ ಕೇರಿಯಲ್ಲಿ ತಯಾರಾಗಿತ್ತು. ಆ ಮುದುಕಿ ಹಾಕಿದ ಉಪ್ಪು ನೆಲದೊಳಗೆ ಹರಿದು ಇಲ್ಲಿಗೆ ಬಂದಿದೆ ಎಂದ. ಊರಿಗೆ ಊರೇ ಅದನ್ನು ನಂಬಿತು.

ಒಂದು ಮೊರದಷ್ಟು ಉಪ್ಪು, ಅಷ್ಟು ಕಲ್ಲನ್ನು ದಾಟಿ, ಏರಿನ ಮೇಲಿನ ಬೋರಿಗೆ ಹೋಗಿ, ದಿನವೂ ಹರಿಯುವ ನೀರನ್ನೆಲ್ಲ ಸವಳು ಮಾಡಲು ಸಾಧ್ಯವೇ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಕೇಳಿ ತಲೆಯಾಡಿಸಿ, ಮರುದಿನ ಅದನ್ನೇ ಹೇಳುತ್ತಿದ್ದರು. ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಾನು ಕರೂರಿನ ಬಸ್ಸಿಗೆ ಕಾಯುತ್ತಾ ನಿಂತರೆ ಯಾರೋ ಹಿಂದಿನಿಂದ "ಉಪ್ಪಿನ ಎಂಜಿನಿಯರು ಬಂದ್ರು" ಎನ್ನುತ್ತಿದ್ದರು. ನಾನು ತಿರುಗಿ ನೋಡಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈಯಲು ನನಗೆ ಯಾರ ಪಾಠವೂ ಬೇಕಿರಲಿಲ್ಲ.

ಸಣ್ಣವ್ವ ಬೈಯಲಿಲ್ಲ. ಅವಳೂ ನಂಬಿದಳು. ಮೇಲೋಣಿಯವರು ಫಿಲ್ಟರ್ ನೀರಿನ ಕ್ಯಾನು ತರಿಸಿಕೊಂಡರು, ಸವಳು ನೀರು ಕುಡಿಯಲು ನಮ್ಮ ಕೇರಿಗೆ ಉಳಿಯಿತು. ನಲ್ಲಿಯ ಹತ್ತಿರ ಯಾರಾದರೊಬ್ಬರು, "ಇವತ್ತು ಎಷ್ಟು ಹಿಡಿ ಹಾಕಿದಿ?" ಎಂದು ಅವಳನ್ನು ಕೇಳದ ದಿನವಿರಲಿಲ್ಲ. ಹಾಗೆ ಕೇಳುವವರಲ್ಲಿ ನಮ್ಮ ಕೇರಿಯ ಹೆಂಗಸರೇ ಹೆಚ್ಚು. ಸಣ್ಣವ್ವ ತಾನಾಗಿಯೇ ಎಲ್ಲರ ಹಿಂದೆ ನಿಲ್ಲತೊಡಗಿದಳು. ಮುಂದೆ ಬಾ ಎಂದು ಕರೆದರೂ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ನೋಡಿದೆ, ಅವಳು ತನ್ನ ಸಾರನ್ನು ಬೇರೆ ತೆಗೆದಿಟ್ಟುಕೊಂಡಿದ್ದಳು. ಬಾಯಿಗಿಟ್ಟು ನೋಡಿದರೆ ಸಪ್ಪೆ.

"ಉಪ್ಪು ಬಿಟ್ಟೀನಿ" ಎಂದಳು. "ಊರಿನ ನೀರು ಕೆಡಿಸಿದ ಕೈ. ಇನ್ನ ಯಾತರ ಉಪ್ಪು."

ನಾನು ತಟ್ಟೆ ತಳ್ಳಿ ಜಗಳ ಮಾಡಿದೆ. ನೆಲದ ಚಿತ್ರ ಬರೆದು ತೋರಿಸಿದೆ. ಅವಳು ಚಿತ್ರ ನೋಡಿ, "ನಿನಗ ನನ್ನ ಮ್ಯಾಲ ಕಕ್ಕುಲಾತಿ, ಅದಕ್ಕ ಹಂಗ ಅಂತಿ" ಎಂದಳು. ನಾನು ಓದಿದ ವಿದ್ಯೆಯೆಲ್ಲ ಅವಳ ಮುಂದೆ ಬರೀ ಕಕ್ಕುಲಾತಿಯಾಯಿತು.

ಇದಾದ ಮರುವರ್ಷ ಕುರುಗೋಡಿನ ಹತ್ತಿರ ಸಾಹೇಬರ ಹೆಂಡತಿಯ ತವರಿನ ತೋಟದಲ್ಲಿ ಬೋರು ಕೊರೆಸಿದರು. ಲಾಗ್ ಮಾಡಲು ನಾವೇ ಹೋದೆವು. ನಾವು ಹೋಗುವ ಹೊತ್ತಿಗೆ ಮನೆಯವರು ಗಂಗೆಪೂಜೆ ಮುಗಿಸಿದ್ದರು. ಪೈಪಿನ ಬಾಯಿಗೆ ಅರಿಶಿನ, ಕುಂಕುಮ, ಹೂವು. ನಾನು ಪ್ರೋಬ್ ಇಳಿಸಿ ಎತ್ತಿದೆ. ಗೆರೆ ತಳದಿಂದ ಎಡಕ್ಕೆ ಬಿದ್ದಿತ್ತು, ಮೇಲಿನ ತನಕ ಅಲ್ಲಾಡಲಿಲ್ಲ. ಕುರುಗೋಡಿನ ಕಲ್ಲಿನಲ್ಲಿ ಅಂಥ ಗೆರೆ ಬರುವುದೆಂದರೆ ಹಗಲು ಹೊತ್ತಿನಲ್ಲಿ ನಕ್ಷತ್ರ ಕಂಡ ಹಾಗೆ.

ಸಾಹೇಬರ ಅತ್ತೆ, ಹಣ್ಣಾದ ಮುದುಕಿ, ಜಗುಲಿಯ ಮೇಲಿಂದಲೇ ಹೇಳಿದರು: "ಹೊಸ ಬಾವಿಗೆ ಮೊದಲು ಉಪ್ಪು ಬೀಳಬೇಕು, ಅದು ನಮ್ಮ ಮನಿ ಪದ್ಧತಿ. ಉಪ್ಪು ಬಿದ್ರ ನೀರು ತಿಳಿ ಆಗ್ತದ. ನಾನೇ ನಿಂತು ಮೊರದ ತುಂಬ ಹಾಕಿಸೇನಿ."

ನಾನು ಕೆಸರು ಮೆತ್ತಿದ ಪ್ರೋಬನ್ನು ಎರಡು ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ನಿಂತೆ. ಅವರ ಅತ್ತೆ, ಹೆಂಡತಿ, ಭಾವಮೈದುನರು, ಕೂಲಿಯವರು ಎಲ್ಲ ನೋಡುತ್ತಿದ್ದರು.

"ನಾಲಗಿಗೆ ಹಚ್ಚಿ ನೋಡ್ರಿ ಸರ್" ಎಂದೆ. "ಇವತ್ತು ಏಕಾದಶಿ ಅಲ್ಲ."

ಇಷ್ಟು ದಿನ ಈ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದೆನೋ ನನಗೇ ಗೊತ್ತಿರಲಿಲ್ಲ. ಅವರ ಮುಖ ಕಪ್ಪಿಡಲಿ, ತಲೆ ಕೆಳಗಾಗಲಿ, ಮನೆಯವರ ಎದುರಿಗೆ ಒಂದು ಸಲ ನಾಲಗೆ ಒಣಗಲಿ ಎಂದು ಕಾದೆ. ಅಷ್ಟು ಸಿಕ್ಕಿದ್ದರೆ ನಾನು ಖುಷಿಪಡುತ್ತಿದ್ದೆ.

ಅವರು ಬೆರಳು ತಾಗಿಸಿ, ನಾಲಗೆಗೆ ಹಚ್ಚಿಕೊಂಡು, ಚಪ್ಪರಿಸಿದರು. "ಉಪ್ಪು" ಎಂದು ನಕ್ಕರು. "ಅದಕ್ಕೇನು, ತೊಳೆದ್ರ ಆತು. ಕಂಪ್ರೆಸರ್‌ನವಗ ಫೋನ್ ಹಚ್ಚು."

ಕರೂರಿನ ನೆನಪು ಅವರಿಗೆ ಬರಲೇ ಇಲ್ಲ. ನಾನೇ ನೆನಪು ಮಾಡಿಕೊಟ್ಟೆ. "ನಮ್ಮ ಕೇರಿ ಬೋರೂ ತೊಳಿಬಹುದಿತ್ತಲ್ರಿ ಸರ್."

"ಅದು ಬ್ಯಾರೆ. ಅಲ್ಲಿ ಮೋಸಕ್ಕ ಹಾಕಿದ್ರು. ಇವರು ಭಕ್ತಿಯಿಂದ ಹಾಕ್ಯಾರ."

"ಅದು ಉಪ್ಪಿಗೆ ಗೊತ್ತಾಕ್ಕೈತೇನ್ರಿ?"

"ಭಾಳ ಮಾತಾಡ್ತಿ ನೀ" ಎಂದರು, ಬೇಸರವೂ ಇಲ್ಲದೆ, ಮಜ್ಜಿಗೆ ಲೋಟ ಎತ್ತಿಕೊಳ್ಳುತ್ತಾ.

ಕಂಪ್ರೆಸರ್ ಬಂತು. ಊಟದ ಹೊತ್ತಿಗೆ ಬೋರು ತೊಳೆದಾಯಿತು. ಉಪ್ಪುನೀರು ಬದುವಿಗೆ ಹರಿದು ಹೋಯಿತು. ಸಂಜೆ ಮತ್ತೆ ಲಾಗ್ ಮಾಡಿದೆ. ಗೆರೆ ಬಲಕ್ಕೆ ಓಡಿ, ಒಂದು ಆಳದಲ್ಲಿ ಚೆಂದವಾಗಿ ಎಡಕ್ಕೆ ಬಾಗಿತು. ನೀರಿದೆ ಎಂದು ಹೇಳಿದೆ. ಇಲ್ಲ ಎಂದು ಹೇಳಬಹುದಿತ್ತಲ್ಲ ಎಂದು ಆಮೇಲೆ ಗೆಳತಿಯೊಬ್ಬಳು ಕೇಳಿದಳು. ಹೇಳಲು ಬಾಯಿ ತುರಿಸಿತ್ತು. ಆದರೆ ಗೆರೆಯನ್ನು ಸುಳ್ಳು ಓದಲು ನನಗೆ ಬರುವುದಿಲ್ಲ. ಮುದುಕಿ ನನ್ನನ್ನು ಕರೆಸಿ, ಜಗುಲಿಯ ಕೆಳಗೆ ನಿಲ್ಲಿಸಿಯೇ, ಎರಡು ಉಂಡೆ ಬೆಲ್ಲ ಕೊಟ್ಟರು.

ಆ ಬೆಲ್ಲವನ್ನು ದಾರಿಯಲ್ಲಿ ಎಸೆದೆ. ಮರುದಿನ ಸಿರುಗುಪ್ಪದ ಬಸ್ಸು ಹಿಡಿದು ನೇರ ಕರೂರಿಗೆ ಹೋದೆ. ಸಣ್ಣವ್ವ ಆಗಷ್ಟೇ ನಲ್ಲಿಯಿಂದ ಬಂದು, ಕೊಡ ಇಳಿಸಿ, ಊಟಕ್ಕೆ ಕೂತಿದ್ದಳು. ಅವಳೆದುರಿಗೆ ಅನ್ನ, ಸಪ್ಪೆ ಸಾರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಮೊರದ ತುಂಬ ಉಪ್ಪು, ಕಂಪ್ರೆಸರು, ಬದುವಿಗೆ ಹರಿದ ನೀರು, ಎಡಕ್ಕೆ ಬಾಗಿದ ಗೆರೆ. ಹೇಳಬಾರದಿತ್ತೇನೋ. ನನಗೆ ಸಿಟ್ಟು ಬಂದಿತ್ತು, ಹೇಳಿಬಿಟ್ಟೆ.

ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ತೊಳೆದ್ರ ಹೋಗತಿತ್ತೇನು ಉಪ್ಪು?"

"ಹೋಗತಿತ್ತು. ಅರ್ಧ ದಿನದ ಕೆಲಸ."

"ನಮ್ಮದ್ರಾಗ ನೀರಿತ್ತಾ? ಖರೆ ಹೇಳು."

"ಇತ್ತು, ಸಣ್ಣವ್ವ."

ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಿಂದ ಆಚೆ, ಕಲ್ಲು ತುಂಬಿದ ಬೋರಿನ ಮೇಲೆ ಯಾರೋ ಕೌದಿ ಒಣಹಾಕಿದ್ದರು.

"ಹಂಗಾರ ಉಪ್ಪಿನ ಮಾತೇ ಅಲ್ಲ ಅದು" ಎಂದಳು. "ಅವ್ರಿಗೆ ಕೊಡೂದ ಇರಲಿಲ್ಲ. ನಾ ಸುಮ್ಮನ ಇಷ್ಟು ದಿನ ನನ್ನ ಕೈ ಬೈಕೊಂಡೆ."

ಎದ್ದು ಗೂಡಿನಲ್ಲಿದ್ದ ಉಪ್ಪಿನ ಡಬ್ಬಿ ತಂದಳು. ಹಿಡಿ ತುಂಬ ತೆಗೆದು ಸಾರಿಗೆ ಹಾಕಿ, ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟಳು. ಮುಖ ಕಿವುಚಿಕೊಂಡು, ಉಗುಳದೆ, ಕಣ್ಣಲ್ಲಿ ನೀರು ಬರುವಂತೆ ನುಂಗಿದಳು. ಇಷ್ಟು ದಿನ ಬಿಟ್ಟದ್ದಕ್ಕೆ ಎಷ್ಟು ಹಾಕಬೇಕೆಂಬ ಅಳತೆ ಅವಳ ಕೈಗೆ ಮರೆತುಹೋಗಿತ್ತು.

"ಭಾಳ ಆತು" ಎಂದಳು. "ನೀರು ಕೊಡು."

ಮನೆಯಲ್ಲಿದ್ದದ್ದು ಮೇಲೋಣಿಯಿಂದ ತಂದ ಅದೇ ಸವಳು ನೀರು. ಲೋಟ ತುಂಬಿ ಕೊಟ್ಟೆ.